ಮಧ್ವೇಶರಾಯರ ನೂಡಲ್ಸ್ ಯಾತ್ರೆ

ಅಮೆರಿಕದ ಕೇಟಿ ಊರಿನ ಮಧ್ವೇಶರಾಯರ ಮನೆಗೆ ಯಾರೇ ಬರಲಿ, ದೇವಸ್ಥಾನಕ್ಕಿಂತ ಮೊದಲು ಹ್ಯೂಸ್ಟನ್ನಿನ ಹಳೆಯ ಜಪಾನೀ ನೂಡಲ್ಸ್ ಅಂಗಡಿಯ ದರ್ಶನವಾಗಬೇಕು. "ಮೂರು ತಲೆಮಾರು ಸ್ವಾಮಿ, ಇವತ್ತಿಗೂ ಹಿಟ್ಟು ಕೈಯಲ್ಲೇ ನಾದೋದು!" ಎಂದು ತಮ್ಮದೇ ಮನೆತನವೆಂಬಂತೆ ಬೀಗುತ್ತಾರೆ. ಬಂದವರೆಲ್ಲ ಸೊರ್ರನೆ ಹೀರುವಾಗ ರಾಯರು ಮಾತ್ರ ಬಿಸಿನೀರು ಕುಡಿಯುತ್ತಾರೆ. ಮೀನಿನ ಸಾರಿನ ಹಬೆ ಮೂಗಿಗೆ ಹೋದರೆ ಅಡ್ಡಿಯಿಲ್ಲ, ನಾಲಿಗೆಗೆ ತಾಗಬಾರದು. "ತಿನ್ನದ ಊಟಕ್ಕೆ ಇಷ್ಟು ದೂರ ಡ್ರೈವ್ ಮಾಡೋ ಭೂಪ ನೀವೊಬ್ರೇ ರಾಯರೇ," ಎಂದು ಎಲ್ಲರೂ ನಗುತ್ತಾರೆ. ಹೊರಡುವಾಗ ಗಲ್ಲಾದಲ್ಲಿ ಕೂತ ಜಪಾನೀ ಅಜ್ಜಿ, ರಾಯರ ತೀರಿಹೋದ ಹೆಂಡತಿ ಕೃಷ್ಣವೇಣಿ ಎಂದೋ ಕಲಿಸಿದ್ದ ಒಂದೇ ಕನ್ನಡ ಮಾತನ್ನು ತಪ್ಪದೆ ಕೇಳುತ್ತಾಳೆ: "ಊಟ ಆಯ್ತಾ?" ಮನೆಯಲ್ಲಿ ಈಗ ಯಾರೂ ಕೇಳದ ಆ ಪ್ರಶ್ನೆಗೆ ರಾಯರು ಹಸಿದ ಹೊಟ್ಟೆಯಲ್ಲೇ ಕೈಮುಗಿದು, "ಆಯ್ತು ತಾಯಿ, ಹೊಟ್ಟೆ ತುಂಬ್ತು," ಎನ್ನುತ್ತಾರೆ.