ಪುಟ್ಟಿ ಮೆತ್ತಿದ ಕಾರು

ಅಮೆರಿಕದ ಕ್ಯಾಂಟನ್‌ನಲ್ಲಿರುವ ನಮ್ಮ ಬಡಾವಣೆಯ ಅಂಕಲ್ ಒಬ್ಬರು ನನಗೆ ಮಾರಿದ ಭಾರಿ ಎಂಜಿನ್ನಿನ ಹಳೆಯ ಮಸಲ್ ಕಾರಿನ ತಳ ಮೊದಲ ಚಳಿಗಾಲದಲ್ಲೇ ತುಕ್ಕಿನಿಂದ ಉದುರಿತು. ಕೇಳಲು ಹೋದರೆ, "ಹೆಂಗಸರಿಗ್ಯಾಕಮ್ಮ ಇಂಥ ಕಾರು?" ಎಂದು ಎಲ್ಲರೆದುರು ನಕ್ಕರು.

ಈ ಬೇಸಿಗೆಯಲ್ಲಿ ಅವರು ಅಂಥದ್ದೇ ಇನ್ನೊಂದು ತುಕ್ಕು ಕಾರನ್ನು ಮಾರಾಟಕ್ಕಿಟ್ಟರು. ಕೊಳ್ಳಲು ಹೊರಟ ಗೆಳತಿಯ ಜೊತೆ ನಾನೂ ಹೋದೆ. ಬಾಗಿಲಿನ ಕೆಳಗೆ ಮ್ಯಾಗ್ನೆಟ್ ಇಟ್ಟೆ, ಅಂಟದೆ ಬಿತ್ತು.

"ಇಲ್ಲಿ ತಗಡೇ ಇಲ್ಲ ಕಣೇ, ತುಕ್ಕಿನ ತೂತಿಗೆ ಬರೀ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ," ಎಂದೆ.

ಆಮೇಲೆ ಡ್ರೈವ್‌ವೇ ಮೇಲೆ ಅಂಗಾತ ಮಲಗಿ ಕಾರಿನಡಿಯ ಕಬ್ಬಿಣದ ಫ್ರೇಮಿಗೆ ಸ್ಕ್ರೂಡ್ರೈವರ್ ಒತ್ತಿದೆ. ತುಕ್ಕು ತಿಂದಿದ್ದರಿಂದ ಸಲೀಸಾಗಿ ಒಳಗಿಳಿಯಿತು.

"ಮೆಲ್ಲಗೆ ಮಾತಾಡಮ್ಮ," ಎಂದು ಅಂಕಲ್ ಗೋಗರೆದರು.

ಗೆಳತಿ ಬೇಡವೆಂದು ಹೊರಟುಹೋದಳು. ನಾನು ಹೋಗಲಿಲ್ಲ. ಸಂಜೆಯವರೆಗೂ ಅವರ ಮನೆಯೆದುರಿನ ಸೈಡ್‌ವಾಕ್‌ನಲ್ಲೇ ನಿಂತು, ಕಾರು ನೋಡಲು ಬಂದ ಪ್ರತಿಯೊಬ್ಬರಿಗೂ ಕಂಡದ್ದನ್ನು ಗಟ್ಟಿಯಾಗಿ ಹೇಳಿದೆ.