ಅರ್ಧ ಚರಿತ್ರೆ ಪುಸ್ತಕ

ವಿಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ನಾಳೆಯ ಪರೀಕ್ಷೆಗೆಂದು ಯಾರೋ ಪುಸ್ತಕದ ಬೆನ್ನು ಸೀಳಿಸುತ್ತಿದ್ದರು. ಒಣಗಿದ ಗೋಂದಿನ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ.

ನಾವು ಬೆಳೆದ ಮೂಡಲಪಾಳ್ಯದ ಸುತ್ತ ಆಗ ರಾಗಿ ಹೊಲ. ಒಂದೇ ತರಗತಿಯಲ್ಲಿದ್ದ ನನಗೂ ಚಿಕ್ಕಪ್ಪನ ಮಗಳು ಗೌರಿಗೂ ಇದ್ದದ್ದು ಒಂದೇ ಚರಿತ್ರೆ ಪುಸ್ತಕ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ತಾತ ಬೆನ್ನಿನ ಗೋಂದು ಕೆರೆದು, ಹೊಲಿಗೆ ಬಿಚ್ಚಿ ಅದನ್ನು ಎರಡು ಮಾಡಿದರು. "ಮಧ್ಯಾಹ್ನ ಬದಲಾಯಿಸ್ಕೊಳ್ಳಿ" ಎಂದರು.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಚಿಕ್ಕಪ್ಪ, "ಫೇಲಾದ್ರೆ ಮದುವೆ ಕಣಮ್ಮ, ಗಂಡು ನೋಡಿಟ್ಟಿದೀನಿ" ಎಂದು ನಕ್ಕರು. ಗೌರಿ ನಗಲಿಲ್ಲ.

ಮಧ್ಯಾಹ್ನ ಅವಳು ಬಂದು, "ಲೋ, ನಿನ್ನರ್ಧ ಕೊಡೋ" ಎಂದಳು.

"ತಡಿಯೇ, ಇನ್ನೊಂದ್ಸಲ ಓದ್ಕೊಂಡು ಕೊಡ್ತೀನಿ" ಎಂದೆ.

ಸಂಜೆಯೂ ಅದನ್ನೇ ಹೇಳಿದೆ. ಅವಳು ತನ್ನರ್ಧವನ್ನು ನನ್ನ ಪಕ್ಕದಲ್ಲಿಟ್ಟು ಹೋದಳು. ನಾನು ಎರಡನ್ನೂ ಓದಿದೆ.

ಪ್ರಶ್ನೆಗಳು ಬಹುಪಾಲು ನನ್ನರ್ಧದಿಂದಲೇ ಬಂದವು. ಗೌರಿ ಫೇಲಾದಳು; ಆಷಾಢಕ್ಕೆ ಮೊದಲೇ ಮದುವೆಯೂ ಆಯಿತು. ಒಂದು ಪ್ರಶ್ನೆಪತ್ರಿಕೆಗೆ ಒಬ್ಬ ಹುಡುಗಿಯ ಓದನ್ನು ಬಲಿ ಕೊಟ್ಟದ್ದನ್ನು ಮನೆಯಲ್ಲಿ ಯಾರೂ ಅನ್ಯಾಯವೆನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗಲೂ ಸಮಾರಂಭಗಳಲ್ಲಿ ಸಿಗುತ್ತಾಳೆ. ಮೊಮ್ಮಕ್ಕಳಿಗೆ ನನ್ನನ್ನು ತೋರಿಸಿ, "ನಮ್ಮನೇಲಿ ಚೆನ್ನಾಗಿ ಓದಿದೋನು ಇವನೇ ಕಣ್ರೋ" ಎನ್ನುತ್ತಾಳೆ. ಆ ಮಾತಿನಲ್ಲಿ ಕೊಂಕಿಲ್ಲ. ನನ್ನಿಂದ ತಲೆ ಎತ್ತಲಾಗದಿರುವುದು ಅದಕ್ಕೇ.