ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟವಳು ನಾನೇ

ಕೋಗಿಲು ಊರಿನ ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಯಾವ ಸಾಮಾನಿಗೂ ವಿನಾಯಿತಿ ಇಲ್ಲ. ಹೊಲ ಇದ್ದಾಗ ನೇಗಿಲು, ಕುಡುಗೋಲು. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದ ಮೇಲೆ ಮಿಕ್ಸಿ, ಸ್ಕೂಟರು, ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಸೊಸೆಯ ಲ್ಯಾಪ್‌ಟಾಪು. ಎಲ್ಲಕ್ಕೂ ಕುಂಕುಮ ಇಡುವವಳು ನಾನೇ.

ಈ ಸಲ ಹಬ್ಬದ ಮರುದಿನವೇ ಲ್ಯಾಪ್‌ಟಾಪು ಮುನಿಸಿಕೊಂಡಿತು. ಮುಚ್ಚಿಟ್ಟು ತೆರೆದರೆ ಪರದೆ ಕಪ್ಪಗೆ. ಒಳಗೆ ಫ್ಯಾನು ತಿರುಗುವ ಸದ್ದು ಮಾತ್ರ. ಪ್ರತಿ ಸಲವೂ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಆನ್ ಮಾಡಬೇಕು. ಸೇವ್ ಮಾಡದ ಕೆಲಸವೆಲ್ಲ ನೀರುಪಾಲು.

"ಅತ್ತೆ, ಕುಂಕುಮ ಒಳಗೆ ಇಳಿದಿರಬೇಕು. ಮುಂದಿನ ವರ್ಷದಿಂದ ಇದನ್ನ ಪೂಜೆಗೆ ಇಡೋದು ಬೇಡ" ಎಂದಳು ಸೊಸೆ. ಮೃದುವಾಗಿಯೇ ಅಂದಳು, ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಅನ್ನ ಕೊಡುವ ಯಂತ್ರವನ್ನೇ ಹೊರಗಿಟ್ಟು ಮಿಕ್ಸಿಗೆ ಮಂಗಳಾರತಿ ಎತ್ತಲೇ?

"ನೇಗಿಲಿಗೆ ವರ್ಷಾವರ್ಷ ಇಟ್ಟಿದ್ದೀನಿ ಕಣಮ್ಮ. ಅದೇನ್ ಉಳೋದು ಬಿಟ್ಬುಡ್ತಾ? ಇಂಗೆ ಸುಮ್‌ಸುಮ್ನೆ ತಪ್ಪು ಹೊರಿಸ್ಬೇಡ. ಮೊದ್ಲು ಸರಿಯಾಗಿ ನೋಡು" ಎಂದೆ.

ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ನಾನು ಪಕ್ಕದಲ್ಲೇ ಕೂತೆ. ಕದಲಿದರೆ ತೀರ್ಪು ನನ್ನ ವಿರುದ್ಧ ಬಂದುಬಿಟ್ಟೀತೆಂಬ ಭಯ. ಅಲ್ಲಿ ಯಾರೋ ಬರೆದಿದ್ದಂತೆ, ಇಂಟರ್ನೆಟ್ ಹಿಡಿದುಕೊಡುವ ವೈಫೈ ಕಾರ್ಡನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ, ಮುಚ್ಚಿ ತೆರೆದಳು. ಥಟ್ಟನೆ ಬೆಳಕು ಬಂತು. ಕಾರ್ಡನ್ನು ಮತ್ತೆ ಚಾಲೂ ಮಾಡಿ ಮುಚ್ಚಿ ತೆರೆದಳು. ಕಪ್ಪು. ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರು ಹಬ್ಬದ ದಿನವೇ ಹೊಸದಾಗಿ ಬಂದು ಕೂತಿತ್ತಂತೆ. ಅದನ್ನು ತೆಗೆದು ಹಳೆಯದನ್ನೇ ಹಾಕಿದಳು. ಆಮೇಲೆ ಎಷ್ಟು ಸಲ ಮುಚ್ಚಿ ತೆರೆದರೂ ಲ್ಯಾಪ್‌ಟಾಪು ಜಾಣಮರಿಯ ಹಾಗೆ ಎದ್ದಿತು.

"ನೋಡ್ದಾ?" ಎಂದು ಸೆರಗು ಸಿಕ್ಕಿಸಿಕೊಂಡೆ.

"ತಪ್ಪು ಕುಂಕುಮದ್ದಲ್ಲ, ಒಪ್ಪಿದೆ. ಆದ್ರೆ ಅತ್ತೆ, ದೇವರ ಮುಂದೆ ಕಪ್ಪು ಪರದೆ ಬೇಡ ಅಂತ ಅವತ್ತೆಲ್ಲ ಇದನ್ನ ಆನ್ ಮಾಡಿಸಿ ಕೂರಿಸಿದ್ದು ಯಾರು? ಯಾರೂ ಮುಟ್ಟದೆ ಬಿಟ್ಟಾಗ್ಲೇ ಅದು ತಾನಾಗೇ ಅಪ್‌ಡೇಟ್ ಮಾಡ್ಕೊಂಡಿರೋದು."

ಸಿಕ್ಕಿಸಿದ ಸೆರಗನ್ನು ಈಚೆಗೆ ಎಳೆದುಕೊಂಡೆ. ಆಯುಧಪೂಜೆಯ ದಿನ ಆಯುಧದಿಂದ ಕೆಲಸ ಮಾಡಿಸಬಾರದು ಎಂದು ಬೀದಿಗೆಲ್ಲ ಬುದ್ಧಿ ಹೇಳುವವಳು ನಾನು.

"ಅಂಗಾದ್ರೆ ಮುಂದಿನ ವರ್ಷ ಇಡೋದ್ ಬ್ಯಾಡ್ವಾ?" ಮೆಲ್ಲಗೆ ಕೇಳಿದೆ.

ಸೊಸೆ ನಕ್ಕಳು. "ಇಡೋಣ ಅತ್ತೆ. ಪೂರ್ತಿ ಆಫ್ ಮಾಡಿ ಇಡೋಣ. ಹಬ್ಬದ ದಿನವಾದ್ರೂ ಅದಕ್ಕೆ ರೆಸ್ಟ್ ಕೊಡಿ."